ವಾಲ್ಡಾರ್ಫ್ ಸಲಾಡ್: ಮೆಯೊನೀಸಾ, ಕ್ರೀಮಾ, ಕಟ್ಟಿದ ಮೊಸರಾ?

ಸೇಬು, ಅಕ್ರೋಟು, ದ್ರಾಕ್ಷಿ, ಸೆಲರಿ, ಎಲ್ಲವನ್ನೂ ಹಿಡಿದಿಡುವ ದಪ್ಪನೆಯ ಬಿಳಿ ಸಾಸ್. ವಾಲ್ಡಾರ್ಫ್ ಸಲಾಡ್ ಅಂದರೆ ಇಷ್ಟೇ. ಹುಟ್ಟಿದ್ದು 1890ರ ದಶಕದಲ್ಲಿ, ನ್ಯೂಯಾರ್ಕಿನ ವಾಲ್ಡಾರ್ಫ್ ಹೋಟೆಲಿನಲ್ಲಿ. ಇದನ್ನು ಹುಟ್ಟುಹಾಕಿದ ಹೆಸರು ಬಂದದ್ದು ಆಸ್ಕರ್ ಚಿರ್ಕಿಗೆ. ಅವರು ಅಡುಗೆಯವರಲ್ಲ, ಅಲ್ಲಿನ ಊಟದ ಕೋಣೆಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದವರು! 1896ರಲ್ಲಿ ಅವರು ತಂದ ಅಡುಗೆ ಪುಸ್ತಕದಲ್ಲಿ ಇದಕ್ಕೆ ಸೇಬು, ಸೆಲರಿ, ಮೆಯೊನೀಸ್ ಮೂರೇ ಸಾಮಾನು. ಅಕ್ರೋಟು ಸೇರಿದ್ದು ಆಮೇಲೆ.

ಬೆಂಗಳೂರಲ್ಲಿ ಈಗ ಇವೆಲ್ಲ ಸಿಗುತ್ತವೆ. ತಲೆಬಿಸಿ ಇರುವುದು ಆ ಬಿಳಿ ಸಾಸಿನದ್ದು. ಎರಡು ಸೇಬು, ಒಂದೊಂದು ಹಿಡಿ ಅಕ್ರೋಟು ಮತ್ತು ದ್ರಾಕ್ಷಿ, ಎರಡು ದಂಟು ಸೆಲರಿ. ಇದೇ ಅಳತೆ ಇಟ್ಟುಕೊಂಡು ಸಾಸ್ ಮಾತ್ರ ಬದಲಾಯಿಸಿ ನೋಡಿದೆ.

ಸುಲಭದ್ದು ಅಂದ್ರೆ ಅಂಗಡಿಯ ಎಗ್‌ಲೆಸ್ ಮೆಯೊನೀಸ್. ಹಾಕಿ ಕಲಸಿದರೆ ಆಯ್ತು. ಸೇಬಿನ ಹೋಳಿಗೆ ಚೆನ್ನಾಗಿ ಹತ್ತಿಕೊಳ್ಳುತ್ತದೆ, ಸ್ವಲ್ಪ ಹೊತ್ತು ಇಟ್ಟರೂ ಬೇಗ ನೀರಾಗುವುದಿಲ್ಲ. ಆದರೆ ನಾನು ತಂದದ್ದರಲ್ಲಿ ಸಿಹಿ ಜಾಸ್ತಿ. ಸೇಬು ಸಿಹಿ, ದ್ರಾಕ್ಷಿ ಸಿಹಿ, ಸಾಸೂ ಸಿಹಿ ಅಂದ್ರೆ ಹೇಗೆ? ನಾಲ್ಕು ಚಮಚ ತಿನ್ನುವಷ್ಟರಲ್ಲಿ ಸಾಕು ಅನಿಸುತ್ತದೆ. ನಿಂಬೆರಸ, ಕಾಳುಮೆಣಸಿನ ಪುಡಿ ಹಾಕಿ ಸಿಹಿ ಮುರಿಯಬಹುದು, ಬಾಯಿಗೆ ಅಂಟುವ ಜಿಡ್ಡು ಮಾತ್ರ ಹೋಗುವುದಿಲ್ಲ.

ಮನೆಯಲ್ಲೇ ಮೊಟ್ಟೆ ಹಾಕಿ ಮಾಡಿದ ಮೆಯೊನೀಸ್ ಬೇರೆಯೇ ಮಾತು. ಹಳದಿ ಭಾಗದಲ್ಲಿರುವ ಲೆಸಿಥಿನ್ ಎಣ್ಣೆಯನ್ನೂ ನಿಂಬೆರಸವನ್ನೂ ಹಿಡಿದು ಒಂದು ಮಾಡುತ್ತದೆ. ಎಣ್ಣೆಯನ್ನು ಹನಿಹನಿಯಾಗಿ ಬಿಡುವ ತಾಳ್ಮೆ ಬೇಕು. ಸೂರ್ಯಕಾಂತಿ ಎಣ್ಣೆಯೇ ಸರಿ, ಗಾಣದ ಕಡಲೆಕಾಯಿ ಎಣ್ಣೆ ಹಾಕಿದರೆ ಅದರ ವಾಸನೆಯೇ ಮುಂದೆ ನಿಲ್ಲುತ್ತದೆ. ಬರೀ ರುಚಿಗೆ ಅಂಕ ಕೊಡುವುದಾದರೆ ಇದಕ್ಕೇ ಮೊದಲ ಸ್ಥಾನ. ಆದರೆ ಹಸಿ ಮೊಟ್ಟೆ ಅಲ್ವಾ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯ ಇದ್ದೇ ಇದೆ. 2024ರ ಅಕ್ಟೋಬರಿನಲ್ಲಿ ತೆಲಂಗಾಣ, 2025ರ ಏಪ್ರಿಲಿನಲ್ಲಿ ತಮಿಳುನಾಡು ಹಸಿ ಮೊಟ್ಟೆಯ ಮೆಯೊನೀಸ್ ಮಾರಾಟವನ್ನು ಒಂದು ವರ್ಷದ ಮಟ್ಟಿಗೆ ನಿಷೇಧಿಸಿದವು. ಮಕ್ಕಳು, ಬಸುರಿಯರು, ವಯಸ್ಸಾದವರು ಇರುವ ಮನೆಗೆ ಇದು ಬೇಡ. ನಮ್ಮ ಮನೆಯಲ್ಲಂತೂ ಅತ್ತೆ ಮೊಟ್ಟೆ ಮುಟ್ಟುವುದಿಲ್ಲ.

ಡಬ್ಬಿಯ ಫ್ರೆಶ್ ಕ್ರೀಮ್ ಬಗ್ಗೆ ಹೇಳುವುದು ಕಡಿಮೆ. ಅಮುಲ್ ಫ್ರೆಶ್ ಕ್ರೀಮಿನಲ್ಲಿ ಕೊಬ್ಬಿನ ಅಂಶ 25%. ಉಬ್ಬುವಂತೆ ಕಡೆಯಬೇಕಾದರೆ 30%ಕ್ಕಿಂತ ಜಾಸ್ತಿ ಬೇಕು. ಹಾಗಾಗಿ ಎಷ್ಟು ಕಡೆದರೂ ತೆಳ್ಳಗೇ ಉಳಿದು ಬಟ್ಟಲಿನ ತಳ ಸೇರುತ್ತದೆ. ಸಕ್ಕರೆ, ಏಲಕ್ಕಿ ಹಾಕಿಬಿಟ್ಟರೆ ಮಕ್ಕಳು ಕುಣಿಯುತ್ತಾರೆ ನಿಜ, ಆದರೆ ಆಗ ಅದು ಊಟ ಮುಗಿದ ಮೇಲಿನ ಫ್ರೂಟ್ ಸಲಾಡ್. ಇನ್ನೊಂದು, ಹಸಿ ಅನಾನಸ್ ಸೇರಿಸಬೇಡಿ. ಅದರಲ್ಲಿರುವ ಬ್ರೊಮೆಲಿನ್ ಹಾಲಿನ ಪ್ರೋಟೀನನ್ನು ಒಡೆಯುತ್ತದೆ, ಸ್ವಲ್ಪ ಹೊತ್ತಿಗೆ ಕಹಿ ಬರುತ್ತದೆ. ಮೊಸರಿಗೂ ಇದೇ ಮಾತು.

ಇನ್ನು ಕಟ್ಟಿದ ಮೊಸರು. ಅರ್ಧ ಕೆಜಿ ನಂದಿನಿ ಮೊಸರನ್ನು ತೆಳು ಬಟ್ಟೆಗೆ ಸುರಿದು, ಗಂಟು ಕಟ್ಟಿ, ಜರಡಿಯ ಮೇಲಿಟ್ಟು, ಕೆಳಗೊಂದು ಪಾತ್ರೆ ಇಟ್ಟು ಫ್ರಿಜ್ಜಿನಲ್ಲಿ ರಾತ್ರಿಯಿಡೀ ಬಿಡುತ್ತೇನೆ. ಹೊರಗೆ ನೇತುಹಾಕಿದರೆ ಬೇಸಿಗೆಯಲ್ಲಿ ಹುಳಿ ಹೆಚ್ಚಾಗುತ್ತದೆ. ಬೆಳಿಗ್ಗೆ ಪಾತ್ರೆಯಲ್ಲಿ ತಿಳಿಹಳದಿ ನೀರು ನಿಂತಿರುತ್ತದೆ, ಅದನ್ನು ಚಪಾತಿ ಹಿಟ್ಟಿಗೆ ಹಾಕಿ. ಬಟ್ಟೆ ಬಿಚ್ಚಿದರೆ ಒಳಗೆ ಬೆಣ್ಣೆಯ ಮುದ್ದೆಯಂಥ ಮೊಸರು. ರುಚಿ ಹಗುರ, ಹುಳಿ ಹದವಾಗಿರುತ್ತದೆ, ಸೇಬಿನ ಸಿಹಿ ಎದ್ದು ಕಾಣುತ್ತದೆ.

ಕುಂದು ಇಲ್ಲದಿಲ್ಲ. ಉಪ್ಪು ಬಿದ್ದ ಕೂಡಲೇ ಸೇಬು, ಸೆಲರಿ ನೀರು ಬಿಡಲು ಶುರು. ಅರ್ಧ ಗಂಟೆಯಲ್ಲಿ ಬಟ್ಟಲಿನ ಅಂಚಿಗೆ ತೆಳು ನೀರಿನ ಗೆರೆ ಬರುತ್ತದೆ. ಬರೀ ಮೊಸರಾದರೆ ನಾಲಿಗೆಗೆ ಸ್ವಲ್ಪ ಒಣಗಿದಂತೆಯೂ ಅನಿಸುತ್ತದೆ. ಒಮ್ಮೆ ಅತ್ತೆ ತಿಂದು, "ಒಂದು ಸಾಸಿವೆ ಒಗ್ಗರಣೆ ಕೊಟ್ಟಿದ್ರೆ ಮೊಸರು ಬಜ್ಜಿನೇ ಆಗ್ತಿತ್ತಲ್ಲಮ್ಮ" ಅಂದರು. ತಪ್ಪೇನಿಲ್ಲ!

ಅದಕ್ಕೇ ನಾನು ಈಗ ಮೂರು ಚಮಚ ಕಟ್ಟಿದ ಮೊಸರಿಗೆ ಒಂದು ಚಮಚ ಎಗ್‌ಲೆಸ್ ಮೆಯೊನೀಸ್ ಬೆರೆಸುತ್ತೇನೆ. ಮೊಸರಿಗೆ ಬೇಕಿದ್ದ ನಯ ಅಷ್ಟರಲ್ಲೇ ಬರುತ್ತದೆ, ಮೆಯೊನೀಸಿನ ಸಿಹಿ ಮೊಸರಿನ ಹುಳಿಯಲ್ಲಿ ಕರಗಿಹೋಗುತ್ತದೆ. ಮೊಟ್ಟೆ ತಿನ್ನುವವರೂ ಇದನ್ನೇ ಎರಡನೇ ಸಲ ಹಾಕಿಸಿಕೊಂಡರು. ಉಪ್ಪು ಮಾತ್ರ ಬಡಿಸುವ ಹೊತ್ತಿಗೆ.

ಸಾಸ್ ಎಷ್ಟು ಚೆನ್ನಾಗಿದ್ದರೂ ಸೇಬು ಹಿಟ್ಟುಹಿಟ್ಟಾಗಿದ್ದರೆ ಕೆಲಸ ಕೆಟ್ಟಿತು. ಆಗಸ್ಟಿನಿಂದ ಅಕ್ಟೋಬರ್‌ವರೆಗೆ ಹೊಸ ಶಿಮ್ಲಾ ಸೇಬು ಬರುವಾಗ ಅದೇ ಸಾಕು, ಕಟಕಟ ಅನ್ನುತ್ತದೆ. ಮಿಕ್ಕ ದಿನಗಳಲ್ಲಿ ಹಸಿರು ಸೇಬು ಒಳ್ಳೆಯದು, ದುಬಾರಿ ಆದರೂ ಹುಳಿ ಇರುತ್ತದೆ. ಹೆಚ್ಚಿದ ತಕ್ಷಣ ನಿಂಬೆರಸ ಸವರಿ, ಇಲ್ಲದಿದ್ದರೆ ಕಂದಾಗುತ್ತದೆ.

ಸೆಲರಿ ರಸೆಲ್ ಮಾರ್ಕೆಟ್ ಕಡೆ ಹೋದಾಗ ತರುತ್ತೇನೆ. ಅದಕ್ಕೋಸ್ಕರವೇ ಶಿವಾಜಿನಗರದ ಟ್ರಾಫಿಕ್ಕಿಗೆ ಬೀಳಬೇಕಾಗಿಲ್ಲ. ಹಾಪ್‌ಕಾಮ್ಸ್‌ನಲ್ಲಿ ಎಳೆ ನವಿಲುಕೋಸು ಸಿಕ್ಕರೆ ಸಿಪ್ಪೆ ತೆಗೆದು ಕಡ್ಡಿ ಕಡ್ಡಿಯಾಗಿ ಹೆಚ್ಚಿ ಹಾಕಿ. ಸೆಲರಿಯ ಘಮ ಬರುವುದಿಲ್ಲ, ಕರುಂ ಅನ್ನುವುದರಲ್ಲಿ ಅದಕ್ಕಿಂತ ಒಂದು ಕೈ ಮೇಲು. ಸೌತೆಕಾಯಿ ಬೇಡ, ನೀರೋ ನೀರು.

ಅಕ್ರೋಟಿನ ಸಿಪ್ಪೆ ಒಗರು. ಬಿಸಿ ನೀರಿಗೆ ಎರಡು ನಿಮಿಷ ಹಾಕಿ ಬಸಿದರೆ ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಒರೆಸಿ, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು, ಆರಿಸಿ ಹಾಕಿ. ಗೋಡಂಬಿಯೂ ನಡೆಯುತ್ತದೆ, ಆದರೆ ಸಪ್ಪೆ. ದ್ರಾಕ್ಷಿ ಬೀಜವಿಲ್ಲದ ಹಸಿರಿನದ್ದೇ ಇರಲಿ. ನಮ್ಮೂರಿನ, ಜಿಐ (ಭೌಗೋಳಿಕ ಗುರುತು) ಪಡೆದ ಬೆಂಗಳೂರು ನೀಲಿ ದ್ರಾಕ್ಷಿ ಮೇಲೆ ಎಷ್ಟೇ ಅಭಿಮಾನ ಇದ್ದರೂ ಅದರ ದಪ್ಪ ಸಿಪ್ಪೆ, ಬೀಜ ಇಲ್ಲಿಗೆ ಒಗ್ಗುವುದಿಲ್ಲ. ಅದರದ್ದು ಜ್ಯೂಸ್ ಮಾಡಿ.

ಈ ಅಳತೆ ನಾಲ್ಕು ಜನಕ್ಕೆ ಸಾಕು. ಮಿಕ್ಕರೆ ಫ್ರಿಜ್ಜಿನಲ್ಲಿಟ್ಟು ಮರುದಿನ ಬೆಳಿಗ್ಗೆ ಬ್ರೆಡ್ ಮಧ್ಯೆ ಹಾಕಿಕೊಳ್ಳಬಹುದು. ಅಕ್ರೋಟು ಸ್ವಲ್ಪ ಮೆತ್ತಗಾಗಿರುತ್ತದೆ, ಅಷ್ಟೇ.