ಲಿಟ್ಲ್ ಆ್ಯನ್ ಕ್ಯೂಸಿಪಿಆರ್: ಫ್ಯಾಕ್ಟರಿ ತರಬೇತಿಗೆ ಈ ಗೊಂಬೆ ಎಷ್ಟು ಉಪಯೋಗ?

ಫ್ಯಾಕ್ಟರಿಗಳಲ್ಲಿ ನಡೆಯುವ ಪ್ರಥಮ ಚಿಕಿತ್ಸೆ ತರಬೇತಿ ಹೆಚ್ಚಾಗಿ ಸ್ಲೈಡ್ ನೋಡುವುದರಲ್ಲೇ ಮುಗಿದುಹೋಗುತ್ತದೆ. ಕೊನೆಗೆ ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ, ಉಸಿರು ಕೊಡುವುದು) ಕಲಿಯಲು ಒಂದು ಗೊಂಬೆ, ನಲವತ್ತು ಜನ, ಒಬ್ಬೊಬ್ಬರು ಹತ್ತು ಸಲ ಎದೆ ಒತ್ತಿ ಫೋಟೋ, ಸರ್ಟಿಫಿಕೇಟ್. ಒತ್ತಿದ್ದು ಸರಿಯೋ ತಪ್ಪೋ ಒತ್ತಿದವರಿಗೂ ತಿಳಿಯುವುದಿಲ್ಲ. ನಾರ್ವೆಯ ಲೇರ್ಡಾಲ್ ಕಂಪನಿಯ ಲಿಟ್ಲ್ ಆ್ಯನ್ ಗೊಂಬೆಗೆ ದುಡ್ಡು ಹಾಕಬಹುದು ಎನ್ನುವುದು ಅದಕ್ಕೇ: ಒತ್ತಿದ್ದಕ್ಕೆಲ್ಲ ಲೆಕ್ಕ ಕೊಡುತ್ತದೆ.

ಬ್ಲೂಟೂತ್‌ನಲ್ಲಿ ಮೊಬೈಲ್ ಆ್ಯಪ್‌ಗೆ ಜೋಡಿಸಿದರೆ ಒತ್ತಿದ ಆಳ, ವೇಗ, ಎದೆ ಪೂರ್ತಿ ಮೇಲೆದ್ದಿತೋ ಇಲ್ಲವೋ, ಉಸಿರು ಒಳಗೆ ಹೋಯಿತೋ ಇಲ್ಲವೋ, ಎಲ್ಲ ಆಗಲೇ ಕಾಣುತ್ತದೆ. ಬೇಕಾದದ್ದು 5ರಿಂದ 6 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120 ಒತ್ತು. ಹೊಸಬರು ಗಾಬರಿಯಲ್ಲಿ ವೇಗ ಏರಿಸುತ್ತಾರೆ, ಆಳ ತಪ್ಪುತ್ತದೆ. ಮೊಣಕೈ ಮಡಿಸಿ ತೋಳಿನ ಬಲದಲ್ಲೇ ಒತ್ತುವವರು ಒಂದು ನಿಮಿಷದೊಳಗೆ ಸೋಲುತ್ತಾರೆ. ಕೈ ನೆಟ್ಟಗಿಟ್ಟು, ಭುಜ ಗೊಂಬೆಯ ಎದೆಯ ನೇರ ಮೇಲೆ ಬರುವಂತೆ ಬಾಗಿ, ಮೈಭಾರ ಹಾಕಿದರೆ ಗ್ರಾಫ್ ತಾನೇ ಸರಿಹೋಗುತ್ತದೆ. ಹಾಗಿದ್ದರೂ ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಲೇಬೇಕು. ಹೆಚ್ಚಿನವರಿಗೆ ಅಚ್ಚರಿಯಾಗುವ ತಪ್ಪು ಇನ್ನೊಂದಿದೆ: ಒತ್ತಿ ಬಿಡುವಾಗ ಎದೆಗೆ ಒರಗಿಯೇ ಇರುವುದು. ಎದೆ ಪೂರ್ತಿ ಮೇಲೆ ಬರದಿದ್ದರೆ ಹೃದಯಕ್ಕೆ ರಕ್ತ ತುಂಬುವುದಿಲ್ಲ. ಕಣ್ಣಿಗೆ ಕಾಣದ ಈ ತಪ್ಪನ್ನು ಆ್ಯಪ್ ಹಿಡಿಯುತ್ತದೆ.

ಉಸಿರು ಕೊಡುವ ಅಭ್ಯಾಸಕ್ಕೂ ಚೆನ್ನಾಗಿದೆ. ತಲೆ ಹಿಂದಕ್ಕೆ ಬಾಗಿಸಿ ಗದ್ದ ಎತ್ತದಿದ್ದರೆ ಗಾಳಿ ಹೋಗುವುದೇ ಇಲ್ಲ. 30 ಒತ್ತಿಗೆ 2 ಉಸಿರು, ಒಂದೊಂದು ಒಂದು ಸೆಕೆಂಡು, ಎದೆ ಏಳುವಷ್ಟು ಮಾತ್ರ. ನಡುವಿನ ಬಿಡುವು 10 ಸೆಕೆಂಡು ದಾಟಬಾರದು.

ಸರಿಯಾದ ಆಳಕ್ಕೆ ಬರುವ 'ಕ್ಲಿಕ್' ಸದ್ದು ಕಲಿಯುವಾಗ ಅನುಕೂಲ, ಆಮೇಲೆ ಕೆಟ್ಟ ಅಭ್ಯಾಸ. ಮನುಷ್ಯರ ಎದೆ ಕ್ಲಿಕ್ ಅನ್ನುವುದಿಲ್ಲ. ಪಕ್ಕೆಲುಬು ಮುರಿದ ಸದ್ದು ಬೇಕಾದರೆ ಬರಬಹುದು, ಆಗಲೂ ನಿಲ್ಲಿಸುವಂತಿಲ್ಲ. ಪರೀಕ್ಷೆ ಮಾಡುವಾಗ ಸ್ಕ್ರೀನ್ ಕಲಿಯುವವರಿಗೆ ಕಾಣದಂತೆ ಇಡಿ. ಗೊಂಬೆಯನ್ನು ಮೇಜಿನ ಮೇಲಿಟ್ಟು ಕಲಿಸುವುದು ಬೇಡ, ಮಂಡಿಯೂರಿಯೇ ಕಲಿಯಲಿ.

ಇದು ಸೊಂಟದಿಂದ ಮೇಲಿನ ಗೊಂಬೆ, ಕೈಕಾಲಿಲ್ಲ. ಹಾಗಾಗಿ ಪ್ರಜ್ಞೆ ಇಲ್ಲದೆ ಉಸಿರಾಡುತ್ತಿರುವವರನ್ನು ಪಕ್ಕಕ್ಕೆ ಹೊರಳಿಸುವುದನ್ನು ಕಲಿಸಲು ಜೀವಂತ ಮನುಷ್ಯರೇ ಬೇಕು. ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಕೆಲವರು ಆಗೊಮ್ಮೆ ಈಗೊಮ್ಮೆ ಗೊರಗೊರ ಎಂದು ಬಾಯಿ ತೆರೆಯುತ್ತಾರೆ. ಅದನ್ನು ಉಸಿರಾಟ ಅಂದುಕೊಂಡು ಸುಮ್ಮನೆ ನಿಲ್ಲುವುದು ದೊಡ್ಡ ಅಪಾಯ. ಗೊಂಬೆ ಇದನ್ನು ತೋರಿಸುವುದಿಲ್ಲ, ವಿಡಿಯೋ ಹಾಕಿ ತೋರಿಸಿ. ಕರೆಂಟ್ ಹೊಡೆದವರನ್ನು ಮುಟ್ಟುವ ಮೊದಲು ಮೇನ್ ಸ್ವಿಚ್ ಆಫ್ ಮಾಡುವುದು, ಒಬ್ಬರು 108ಕ್ಕೆ ಫೋನ್ ಮಾಡಿ ಸ್ಪೀಕರ್‌ನಲ್ಲಿಡುವುದು, ಇನ್ನೊಬ್ಬರು ಗೇಟಿನಲ್ಲಿ ನಿಂತು ಆಂಬುಲೆನ್ಸ್‌ಗೆ ದಾರಿ ತೋರಿಸುವುದು, ಇವೂ ತರಬೇತಿಗೇ ಸೇರಿದ್ದು. ಕೈಗಾರಿಕಾ ಪ್ರದೇಶದಲ್ಲಿ ಶೆಡ್ ನಂಬರ್ ಹುಡುಕುತ್ತಾ ಹೋಗುವ ನಿಮಿಷಗಳು ಕಡಿಮೆಯೇನಲ್ಲ.

ಖರೀದಿಸುವ ಮೊದಲು ಖರ್ಚು ಪೂರ್ತಿ ಲೆಕ್ಕ ಹಾಕಿ. ಒಳಗಿನ ಶ್ವಾಸಕೋಶದ ಚೀಲಗಳು ಬಳಸಿ ಎಸೆಯುವಂಥವು, ಅವನ್ನು ಮತ್ತೆ ಮತ್ತೆ ಕೊಳ್ಳಬೇಕು; ಮುಖವನ್ನು ಒಬ್ಬರಾದ ಮೇಲೆ ಒಬ್ಬರಿಗೆ ಆಲ್ಕೋಹಾಲ್ ವೈಪ್‌ನಲ್ಲಿ ಒರೆಸಬೇಕು. ನಲವತ್ತು ಜನಕ್ಕೆ ಒಂದೇ ಗೊಂಬೆ ತಂದರೆ ಹಳೆಯ ಕಥೆಯೇ. ಒಂದು ಗೊಂಬೆಗೆ ಆರು ಜನಕ್ಕಿಂತ ಹೆಚ್ಚಾಗದಿರುವುದು ಒಳ್ಳೆಯದು. ಅಷ್ಟು ಬಜೆಟ್ ಇಲ್ಲದಿದ್ದರೆ ತಂಡ ಚಿಕ್ಕದು ಮಾಡಿ, ಮೊದಲ ತಂಡದಲ್ಲಿ ರಾತ್ರಿ ಪಾಳಿಯ ಸೆಕ್ಯುರಿಟಿ ಮತ್ತು ಎಲೆಕ್ಟ್ರಿಷಿಯನ್‌ಗಳನ್ನು ಕೂರಿಸಿ. ಎಚ್‌ಆರ್‌ನವರು ಆಮೇಲೆ ಬಂದರೂ ನಡೆಯುತ್ತದೆ.