ಗೋಕರ್ಣದಲ್ಲಿ ಎರಡು ದಿನ: ರೂಮು ಪೇಟೆಯಲ್ಲೋ, ಕುಡ್ಲೆ ಬೀಚಿನಲ್ಲೋ, ಓಂ ಬೀಚಿನಲ್ಲೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪೇಟೆಗೆ. ಮಹಾಬಲೇಶ್ವರ ದೇವಸ್ಥಾನದ ಹತ್ತಿರದ ಓಣಿಯಲ್ಲಿ, ಕಿಟಕಿ ತೆಗೆದರೆ ಪಕ್ಕದ ಮನೆಯ ಹಂಚು ಮಾತ್ರ ಕಾಣುವ ರೂಮು. ಮೂರು ಸಲ ಹೋಗಿ ಮೂರು ಕಡೆ ಉಳಿದ ಮೇಲೆ ಬಂದ ಬುದ್ಧಿ ಇದು.

ಓಂ ಬೀಚಿನಲ್ಲಿ ಉಳಿದದ್ದು ಗೆಳೆಯರ ಜೊತೆ, ಕಾರಿನಲ್ಲಿ ಹೋದಾಗ. ಗುಡ್ಡದ ಮೇಲೆ ಗಾಡಿ ನಿಲ್ಲಿಸಿ ಮೆಟ್ಟಿಲು ಇಳಿಯಬೇಕು. ಮೇಲಿಂದ ನೋಡಿದರೆ ದಂಡೆ ನಿಜಕ್ಕೂ ಓಂ ಅಕ್ಷರದ ಹಾಗೆ ಬಾಗಿದೆ. ಹಾಫ್ ಮೂನ್ ಬೀಚಿಗೆ ಕಾಲುದಾರಿಯಲ್ಲಿ ನಡೆಯುವವರಿಗೆ ಇದೇ ಹತ್ತಿರ. ಹುಡುಗರ ಗುಂಪಿಗೆ ಸರಿ. ಕಾರಿಲ್ಲದಿದ್ದರೆ ಪ್ರತಿ ಸಲ ಆಟೋ, ಅಷ್ಟೇ.

ಕುಡ್ಲೆಯದು ದೊಡ್ಡ ಕಥೆ. ಆ ಸಲ ಜೊತೆಗಿದ್ದವರು ಅಮ್ಮ. ವಯಸ್ಸು 64, ಮಂಡಿನೋವು. ‘ಸಮುದ್ರಕ್ಕೆ ಎದುರಿಗೇ ರೂಮು’ ಅಂತ ಫೋಟೋ ನೋಡಿ ರಾತ್ರಿಗೆ 2,800 ರೂಪಾಯಿ ಕಟ್ಟಿದ್ದೆ. ಎದುರಿಗೇ ಇತ್ತು, ಸುಳ್ಳಲ್ಲ. ಅಲ್ಲಿಗೆ ಹೋಗೋದು ಹೇಗೆ ಅಂತ ನಾನು ಕೇಳಿರಲಿಲ್ಲ.

ರಾತ್ರಿ ಬಸ್ಸು ಬೆಳಿಗ್ಗೆ 7ಕ್ಕೆ ಇಳಿಸಿತು. ಆಟೋದವರು ಗುಡ್ಡದ ಮೇಲೆ ನಿಲ್ಲಿಸಿ, ‘ಇಲ್ಲಿಂದ ಮುಂದೆ ಗಾಡಿ ಹೋಗೂದಿಲ್ರಿ’ ಅಂದರು. ಕೆಳಗೆ ಕಲ್ಲುಕಲ್ಲಾದ ಇಳಿಜಾರು, ನಡುವೆ ಏರುಪೇರಾದ ಮೆಟ್ಟಿಲು, ಕೊನೆಗೆ ಮರಳು. ನನ್ನ ಕೈಯಲ್ಲಿ ಟ್ರಾಲಿ ಬ್ಯಾಗು. ಚಕ್ರ ಅನ್ನುವುದು ಮರಳಿನಲ್ಲಿ ಎಂಥ ದಂಡ ಅಂತ ಗೊತ್ತಾಗಿದ್ದೇ ಅವತ್ತು. ಅಮ್ಮ ನನ್ನ ಭುಜ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಅರ್ಧ ದಾರಿಯಲ್ಲಿ ಕೂತು, ‘ಇಳಿಯೋದೇನೋ ಇಳಿದೆ ಕಣೋ, ಹತ್ತೋದು ಯಾರು?’ ಅಂದರು.

ಕೆಳಗೆ ಹೋದರೆ ರೂಮು ಸಿಗೋದು 12ಕ್ಕೆ. ಸ್ನಾನ ಮಾಡದೆ ದೇವಸ್ಥಾನಕ್ಕೆ ಬರಲು ಅಮ್ಮ ಒಪ್ಪಲಿಲ್ಲ. ಸ್ನಾನ ಮುಗಿಸಿ, ಗುಡ್ಡ ಹತ್ತಿ, ಆಟೋ ಹುಡುಕಿ ಪೇಟೆ ಮುಟ್ಟಿದಾಗ ಮಧ್ಯಾಹ್ನದ ಬಾಗಿಲು ಹಾಕಿ ಆಗಿತ್ತು. ಸಂಜೆ ತೆಗೆಯುವವರೆಗೆ ಕಾಯಬೇಕು. ಕುಡ್ಲೆಗೆ ವಾಪಸ್ ಹೋದರೆ ಮತ್ತೊಮ್ಮೆ ಇಳಿದು ಹತ್ತಬೇಕು. ಹಾಗಾಗಿ ರಥಬೀದಿಯ ಒಂದು ಅಂಗಡಿ ಜಗಲಿಯ ಮೇಲೆ ಕೂತೆವು. 2,800 ರೂಪಾಯಿಯ ಸಮುದ್ರ ಅಲ್ಲಿ, ನಾವು ಇಲ್ಲಿ. ರಾತ್ರಿ ಟಾರ್ಚ್ ಹಿಡಿದು ಇಳಿದದ್ದನ್ನು ಹೇಳುವುದೇ ಬೇಡ.

ಕುಡ್ಲೆಯ ಸೂರ್ಯಾಸ್ತ ಮಾತ್ರ ಮೂರರಲ್ಲಿ ಚೆಂದ. ಅದನ್ನು ಒಪ್ಪಿಕೊಳ್ಳಲೇಬೇಕು.

ಮುಂದಿನ ಸಲ ಪೇಟೆಯಲ್ಲಿ 1,300ಕ್ಕೆ ರೂಮು ಮಾಡಿದೆ. ‘ಬೆಳಿಗ್ಗೆ 7ಕ್ಕೆ ಬರ್ತೇವೆ, ಬ್ಯಾಗ್ ಇಟ್ಟು ಸ್ನಾನ ಮಾಡಬಹುದಾ?’ ಅಂತ ಫೋನಿನಲ್ಲೇ ಕೇಳಿಕೊಂಡೆ. ಗಂಟೆಯೊಳಗೆ ಅಮ್ಮ ತಯಾರು. ಮೊದಲು ಗಣಪತಿ, ಆಮೇಲೆ ಮಹಾಬಲೇಶ್ವರ. ಗಂಡಸರು ಅಂಗಿ ಬಿಚ್ಚಿ ಪಂಚೆ ಉಟ್ಟು ಒಳಗೆ ಹೋಗಬೇಕು. ರೂಮು ಹತ್ತಿರವಿದ್ದರೆ ಅಲ್ಲೇ ಉಟ್ಟುಕೊಂಡು ಹೊರಡಬಹುದು, ಇದೊಂದು ಸಣ್ಣ ಸುಖ. ದರ್ಶನ ಮುಗಿಸಿ ಬನ್ಸ್ ತಿಂದೆವು. ಬೀದಿ ಬದಿ ಹೂವು, ತರಕಾರಿ ಮಾರುವ ಹಾಲಕ್ಕಿ ಸಮುದಾಯದ ಹೆಂಗಸರ ಹತ್ತಿರ ಅಮ್ಮ ಅರ್ಧ ಗಂಟೆ ಮಾತಾಡಿದರು. ಕೊಂಡದ್ದು ಒಂದು ಮೊಳ ಹೂವು.

ಪೇಟೆಯಲ್ಲಿ ಕೊರತೆ ಇಲ್ಲವೆಂದಲ್ಲ. ಬೆಳಗಿನ ಜಾವಕ್ಕೇ ಗಂಟೆ, ಮೈಕು. ದೇವಸ್ಥಾನದ ಹಿಂದಿನ ದಂಡೆಯಲ್ಲಿ ಯಾತ್ರಿಕರು ಜಾಸ್ತಿ, ಚೊಕ್ಕಟ ಕಮ್ಮಿ. ಆದರೆ ಉತ್ತರಕ್ಕೆ ಸುಮ್ನೆ ಇಪ್ಪತ್ತು ನಿಮಿಷ ನಡೆದರೆ ಖಾಲಿ ಮರಳು. ಅಲ್ಲಿ ಅಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ಅಲೆಗೆ ಕಾಲು ಕೊಟ್ಟು ನಿಂತರು. ಮೆಟ್ಟಿಲೇ ಇಲ್ಲ, ಅಲ್ವಾ?

ನೀವು ಈಜುವವರು, ಬೆನ್ನಿಗೆ ಹಾಕುವ ಒಂದೇ ಬ್ಯಾಗಿನವರು, ದೇವಸ್ಥಾನದ ಗೊಡವೆ ಇಲ್ಲದವರು ಆದರೆ ಕುಡ್ಲೆಗೇ ಹೋಗಿ. ಮಳೆಗಾಲದಲ್ಲಿ ಮಾತ್ರ ಬೇಡ, ಸಮುದ್ರ ಒರಟು.

ಕಾರ್ತಿಕದಲ್ಲಿ ನಾವು ಮತ್ತೆ ಹೊರಟಿದ್ದೇವೆ. ಅದೇ ಓಣಿ, ಅದೇ ರೂಮು. ಟ್ರಾಲಿ ಬ್ಯಾಗನ್ನು ತಮ್ಮನಿಗೆ ಕೊಟ್ಟಿದ್ದೇನೆ.