ಬೈಲಕುಪ್ಪೆಯ ಹೆಸರು ಹಾಕಬಾರದ ಥುಕ್ಪ ಹೋಟ್ಲು, ಐದಕ್ಕೆ ನಾಲ್ಕು

ಮೊದ್ಲೇ ಹೇಳ್ಬಿಡ್ತೀನಿ, ಈ ಟಿಬೆಟನ್ ನೂಡಲ್ ಸೂಪಿನ ಹೋಟ್ಲು ಹೆಸರು ಹಾಕಲ್ಲ. ಹಾಕ್ಲಾ ಅಂತ ಕೇಳಿದ್ದಕ್ಕೆ ಹೋಟ್ಲು ನಡೆಸೋ ಅಮಲಾ ಕೈ ಮುಗಿದು "ಬೇಡಪ್ಪಾ, ಇರೋದು ಆರು ಟೇಬಲ್ಲು, ಬೆಂಗ್ಳೂರೋರೆಲ್ಲ ಬಂದ್ಬಿಟ್ರೆ ನನ್ ಕೈಲಾಗಲ್ಲ" ಅಂದ್ರು. ಗೋಲ್ಡನ್ ಟೆಂಪಲ್ ರಸ್ತೆ ಬಿಟ್ಟು ಒಳಗಡೆ ಟಿಬೆಟನ್ ಕ್ಯಾಂಪ್ ರಸ್ತೆ ಹಿಡೀರಿ, ಮುಸುಕಿನ ಜೋಳದ ಹೊಲದ ಪಕ್ಕ ಶೀಟ್ ಹಾಕಿರೋ ಮನೆ, ಮುಂದೆ ಬಣ್ಣ ಮಾಸಿದ ಪ್ರಾರ್ಥನೆ ಬಾವುಟ. ಅಷ್ಟು ಸಾಕು.

ಅಂದಹಾಗೆ ಅಮಲಾ ಅನ್ನೋದು ಅವರ ಹೆಸರಲ್ಲ. ನಮ್ಮ ಕಡೆ ಹೆಸರು ಥರಾನೇ ಇದ್ಯಲ್ಲ ಅಂತ ನಾನು ಒಂದು ಗಂಟೆ ಹೊತ್ತು ಅಮಲಾ ಅವ್ರೇ, ಅಮಲಾ ಅವ್ರೇ ಅಂತ ಕರೀತಿದ್ದೆ, ಆಮೇಲೆ ಗೊತ್ತಾಯ್ತು ಟಿಬೆಟನ್ ಭಾಷೇಲಿ ಅಮ್ಮನ್ನ ಹಂಗೆ ಕರೆಯೋದು, ಆ 'ಲಾ' ಅನ್ನೋದೇ ನಮ್ಮ 'ಅವ್ರೇ' ಇದ್ದಂಗೆ. ಪಾಪ ಒಂದ್ಸಲಾನೂ ನಗ್ಲಿಲ್ಲ.

ನಾವು ಹೋಗಿದ್ದು ಬುಧವಾರ, ಅಲ್ಲೇ ಎಡವಿದ್ದು. ಜೊತೇಲಿದ್ದ ಫ್ರೆಂಡು ಪೋರ್ಕ್ ಮೊಮೊ ತಿನ್ಬೇಕು ಅಂತ್ಲೇ ಮೈಸೂರಲ್ಲಿ ತಿಂಡಿ ಬಿಟ್ಟು ಬಂದಿದ್ದ, ಇಲ್ಲಿ ನೋಡಿದ್ರೆ ಬುಧವಾರ ಬರೀ ವೆಜ್ಜು. ಲಾಕರ್ ಅಂತಾರಂತೆ, ಬಿಳಿ ಬುಧವಾರ. ನಮ್ಮಲ್ಲಿ ಸೋಮವಾರ ಶನಿವಾರ ಬಿಡ್ತಾರಲ್ಲ ಹಂಗೇ ಅಂದ್ಕೊಂಡೆ, ಪೂರ್ತಿ ಹಂಗಲ್ಲ. 2008ರಲ್ಲಿ ಲಾಸಾದಲ್ಲಿ ಜನ ಎದ್ದು, ಅದನ್ನ ಚೀನಾದವ್ರು ಹೊಸಕಿ ಹಾಕಿದ್ಮೇಲೆ ಟಿಬೆಟ್ ಒಳಗಡೆ ಹಬ್ಬಿದ್ದು ಇದು, ಬೀದಿಗಿಳಿದ್ರೆ ಎತ್ತಾಕ್ಕೊಂಡು ಹೋಗ್ತಾರೆ, ಅದಕ್ಕೆ ವಾರಕ್ಕೊಂದಿನ ತಮ್ಮ ಬಟ್ಟೆ ಹಾಕ್ಕೊಳ್ಳೋದು, ತಮ್ಮ ಭಾಷೇಲೇ ಮಾತಾಡೋದು, ತಮ್ಮೋರ ಅಂಗಡೀಲೇ ವ್ಯಾಪಾರ ಮಾಡೋದು. ಚುಪ್ಪಾ, ಅಂದ್ರೆ ಅವರ ನಿಲುವಂಗಿ, ಉಟ್ಕೊಂಡಿದ್ದಕ್ಕೆ ಯಾವ ಕೇಸ್ ಹಾಕ್ತಾರೆ ನೋಡೇ ಬಿಡೋಣ ಅನ್ನೋ ಲೆಕ್ಕ. ಇದನ್ನೆಲ್ಲ ಕೇಳಿದ್ಮೇಲೂ ಫ್ರೆಂಡ್ ಮುಖ ಸರಿ ಹೋಗ್ಲಿಲ್ಲ, ಅದು ಬೇರೆ ಮಾತು.

ಊಟದ ವಿಷ್ಯಕ್ಕೆ ಬರ್ತೀನಿ. ವೆಜ್ ಥೆಂತುಕ್, ಅಂದ್ರೆ ಹಿಟ್ಟು ಚಿವುಟಿ ಹಾಕೋ ಥುಕ್ಪ, ತಗೊಳ್ಳಿ, ಕಣ್ಣು ಮುಚ್ಕೊಂಡು ತಗೊಳ್ಳಿ. ಅಡುಗೆಮನೆಗೆ ಬಾಗಿಲಿಲ್ಲ, ಕೂತಲ್ಲಿಂದಾನೇ ಕಾಣುತ್ತೆ: ನಾದಿದ ಹಿಟ್ಟನ್ನ ಉದ್ದಕ್ಕೆ ಬೆಲ್ಟ್ ಥರ ಎಳೆದು ಮುಂಗೈ ಮೇಲೆ ಇಳಿಬಿಟ್ಕೊಂಡು, ಇನ್ನೊಂದು ಕೈಯಿಂದ ಚೂರು ಚೂರೇ ಚಿವುಟಿ ಕುದಿಯೋ ಸಾರಿಗೆ ಎಸೀತಾರೆ, ಎಷ್ಟು ಸ್ಪೀಡು ಅಂದ್ರೆ ನಮ್ಮಜ್ಜಿ ಹೂ ಕಟ್ಟೋ ಸ್ಪೀಡು. ಸಾರು ತೆಳು, ಮೂಲಂಗಿ, ಪಾಲಕ್ಕು, ಶುಂಠಿ, ಅಷ್ಟೇ. ಪಕ್ಕದಲ್ಲಿ ಸೆಪೆನ್ ಅಂತ ಕೆಂಪು ಚಟ್ನಿ ಇಡ್ತಾರೆ, ಅರ್ಧ ಚಮಚ ಹಾಕ್ಕೊಳ್ಳಿ, ಬ್ಯಾಡಗಿ ಅಂದ್ಕೊಂಡು ಎರಡು ಚಮಚ ಸುರ್ಕೊಂಡ್ರೆ ಗುಂಟೂರು. ತಿಂಗ್ಮೊ ಅಂದ್ರೆ ಹಬೇಲಿ ಬೇಯ್ಸಿದ ಬನ್ನು, ಹೂವಿನ ಥರ ಸುತ್ತಿರ್ತಾರೆ, ಪದರ ಪದರ ಬಿಡ್ಸಿ ಸಾರಲ್ಲಿ ಅದ್ದಿ ತಿನ್ನಿ. ಬಟರ್ ಟೀ ಮಾತ್ರ ಎಲ್ರಿಗೂ ಹಿಡ್ಸಲ್ಲ. ಉಪ್ಪು ಹಾಕಿರ್ತಾರೆ. ಟೀ ಅಂದ್ಕೊಂಡು ಕುಡಿದ್ರೆ ಕೆಟ್ಟೋಯ್ತು ಅನ್ಸುತ್ತೆ, ಸೂಪ್ ಅಂದ್ಕೊಂಡು ಕುಡಿದ್ರೆ ಎರಡನೇ ಕಪ್ ಕೇಳ್ತೀರಾ. ಚಮರೀಮೃಗದ ಬೆಣ್ಣೆ ಇಲ್ಲೆಲ್ಲಿ ಸಿಗ್ಬೇಕು, ನಂದಿನಿ ಬೆಣ್ಣೇನೇ, ಮಿಕ್ಸೀಲಿ ತಿರುಗಿಸ್ತಾರೆ.

ಈಗ ಗೋಡೆ ವಿಷ್ಯ. ಪಕ್ಕದ ಟೇಬಲ್ಲಿನ ಒಬ್ಬರು ಹೋಗ್ವಾಗ "ಊಟ ಚೆನ್ನಾಗಿದೆ, ತಿನ್ನೋ ಜಾಗದಲ್ಲಿ ಈ ರಾಜಕೀಯದ ಪೋಸ್ಟರ್ ಎಲ್ಲ ಯಾಕೆ" ಅಂತ ಅಂದು ಹೋದ್ರು. ಗೋಡೆ ಮೇಲೆ ಏನಿದೆ ಅಂದ್ರೆ ದಲೈ ಲಾಮಾ ಫೋಟೋ, ಅದರ ಕೆಳಗೆ ಪೇಪರಿಂದ ಕತ್ತರಿಸಿ ಫ್ರೇಮ್ ಹಾಕ್ಸಿರೋ ನಮ್ಮ ಮಾಜಿ ಮುಖ್ಯಮಂತ್ರಿ ನಿಜಲಿಂಗಪ್ಪನೋರ ಫೋಟೋ, ಆಮೇಲೆ ಒಂದು ಮಗುವಿನ ಫೋಟೋ, ಕೆಂಪು ಕೆನ್ನೆ, ಆರು ವರ್ಷ ಇರ್ಬೋದು. ಮೊಮ್ಮಗನಾ ಅಂತ ಕೇಳ್ದೆ. ಅಲ್ಲ, ಪಂಚೆನ್ ಲಾಮಾ, ಗೆಧುನ್ ಚೋಕ್ಯಿ ನ್ಯಿಮಾ ಅಂದ್ರು. ದಲೈ ಲಾಮಾ ಬಿಟ್ರೆ ಟಿಬೆಟಿನೋರಿಗೆ ದೊಡ್ಡ ಗುರು ಪಂಚೆನ್ ಲಾಮಾನೇ. 1995ರ ಮೇ 14ಕ್ಕೆ ದಲೈ ಲಾಮಾ ಈ ಹುಡುಗನ ಹೆಸರು ಹೇಳಿದ್ರು, ಮೂರೇ ದಿನ, 17ನೇ ತಾರೀಕು ಚೀನಾ ಸರ್ಕಾರ ಮನೆಯವ್ರ ಸಮೇತ ಕರ್ಕೊಂಡು ಹೋಯ್ತು. ಅವತ್ತಿಂದ ಹೊರಗಿನೋರು ಯಾರೂ ಅವನನ್ನ ನೋಡಿಲ್ಲ. ವಿಶ್ವಸಂಸ್ಥೆ ಮಕ್ಕಳ ಹಕ್ಕಿನ ಸಮಿತಿಯೋರು ಕೇಳಿದ್ರು, ಅಮೆರಿಕಾ ಕೇಳ್ತು, 2020ರಲ್ಲಿ ಚೀನಾದವ್ರು ಹೇಳಿದ್ದೇನಪ್ಪಾ ಅಂದ್ರೆ ಕಾಲೇಜು ಮುಗಿಸಿ ಕೆಲಸದಲ್ಲಿದಾನೆ, ತೊಂದ್ರೆ ಕೊಡ್ಬೇಡಿ ಅಂತ. ಈಗ ಅವನಿಗೆ ಮೂವತ್ತೈದು ದಾಟಿರ್ಬೇಕು, ಗೋಡೆ ಮೇಲೆ ಮಾತ್ರ ಆರೇ ವರ್ಷ, ಯಾಕಂದ್ರೆ ಬೇರೆ ಫೋಟೋನೇ ಇಲ್ಲ. ಪಂಚೆನ್ ಲಾಮಾಗಳ ಮಠ ತಾಶಿ ಲುನ್ಪೋ ಇದ್ಯಲ್ಲ, ಅದನ್ನ ಇಲ್ಲೇ ಬೈಲಕುಪ್ಪೇಲಿ ಮತ್ತೆ ಕಟ್ಕೊಂಡಿದಾರೆ, ಹಂಗಾಗಿ ಈ ಊರಿಗೆ ಆ ಫೋಟೋ ರಾಜಕೀಯ ಅಲ್ಲ ಸ್ವಾಮಿ, ಮನೆಯಿಂದ ಕಾಣೆಯಾದ ಹುಡುಗನ ಫೋಟೋ.

ಮೂಲೇಲಿ ಅಮಲಾ ಅವರ ಅಪ್ಪ ಕೂತಿರ್ತಾರೆ, ಮಕ್ಕಳು ಪೋಲಾ ಅಂತಾವೆ, ಅಂದ್ರೆ ತಾತ. ಎಪ್ಪತ್ತು ದಾಟಿದೆ, ಪಿರಿಯಾಪಟ್ಟಣದ ಕಡೆ ಕನ್ನಡ ನನಗಿಂತ ಚೆನ್ನಾಗಿ ಮಾತಾಡ್ತಾರೆ. ಚಿಕ್ಕ ಹುಡುಗ ಆಗಿದ್ದಾಗ ಬಂದ್ರಂತೆ, ಆಗ ಇಲ್ಲೆಲ್ಲ ಕಾಡು, ಹಗಲು ಮರ ಕಡಿಯೋದು, ರಾತ್ರಿ ಆನೆ ಬಂದ್ರೆ ತಗಡಿನ ಡಬ್ಬ ಬಡಿಯೋದು. ನಾನು ಸುಮ್ನೆ ಇರ್ಲಾರ್ದೆ "ತಾತಾ, ವಿಶ್ವಸಂಸ್ಥೆ ಅದೂ ಇದೂ ಎಲ್ಲ ಏನೂ ಮಾಡ್ಲಿಲ್ವಾ" ಅಂದೆ. ಮಣಿ ಎಣಿಸೋದು ನಿಲ್ಸಿ ಮೂರು ಬೆರಳು ತೋರ್ಸಿದ್ರು. "ಮೂರ್ ಸಲ ಬರುದ್ರು."

ಹೌದು, ವಿಶ್ವಸಂಸ್ಥೆ ಟಿಬೆಟ್ ಬಗ್ಗೆ ನಿರ್ಣಯ ಮಾಡಿದ್ದು ಮೂರೇ ಸಲ. 1959, 1961, 1965. 1950ರಲ್ಲೇ ಎಲ್ಲೋ ಇರೋ ಎಲ್ ಸಾಲ್ವಡೋರ್ ಅನ್ನೋ ಸಣ್ಣ ದೇಶ ಟಿಬೆಟ್ ಬಗ್ಗೆ ಚರ್ಚೆ ಮಾಡಿ ಅಂತ ಎದ್ದು ನಿಂತಿತ್ತು, ದೊಡ್ಡೋರೆಲ್ಲ ಸೇರಿ ಮುಂದಕ್ಕೆ ಹಾಕಿದ್ರು, ಶಾಂತಿಯಿಂದ ಬಗೆಹರಿಯುತ್ತೆ ಅಂದವ್ರಲ್ಲಿ ನಮ್ಮ ಭಾರತಾನೂ ಇತ್ತು. 1959ರ ನಿರ್ಣಯ ತಂದಿದ್ದು ಐರ್ಲೆಂಡು ಮತ್ತೆ ಮಲಯ, 45 ದೇಶ ಪರ, 9 ವಿರುದ್ಧ, ನಾವು ಯಾರ ಕಡೇನೂ ಓಟು ಹಾಕ್ದೆ ಸುಮ್ನೆ ಕೂತ್ವಿ. ಪರವಾಗಿ ಓಟು ಹಾಕಿದ್ದು 1965ರಲ್ಲಿ, ಅದೂ 1962ರ ಏಟು ತಿಂದಮೇಲೆ. ತಮಾಷೆ ಏನಂದ್ರೆ ಆ 1959ರ ನಿರ್ಣಯದಲ್ಲಿ ಟಿಬೆಟಿನೋರ ಹಕ್ಕು ಗೌರವಿಸ್ಬೇಕು ಅಂತಿದೆ, ಯಾರು ಗೌರವಿಸ್ಬೇಕು ಅಂತಿಲ್ಲ, ಚೀನಾ ಹೆಸರೇ ಇಲ್ಲ! 1971ರಲ್ಲಿ ಚೀನಾನೇ ಒಳಗೆ ಬಂದು ಕೂತ್ಮೇಲೆ ಜನರಲ್ ಅಸೆಂಬ್ಲೀಲಿ ನಾಲ್ಕನೇದು ಬರ್ಲೇ ಇಲ್ಲ.

ಉಳಿದೋರ ಕಥೆನೂ ಅಷ್ಟೇ, ಖರ್ಚಿಲ್ಲದೇ ಇರೋವರೆಗೂ ಚೆನ್ನಾಗಿ ಮಾತಾಡ್ತಾರೆ. ನಾರ್ವೆ ದೇಶದಲ್ಲಿ 1989ರಲ್ಲಿ ದಲೈ ಲಾಮಾಗೆ ನೊಬೆಲ್ ಕೊಟ್ರು. 2010ರಲ್ಲಿ ಅದೇ ಕಮಿಟಿ ಚೀನಾ ಜೈಲಲ್ಲಿದ್ದ ಲೇಖಕ ಲಿಯು ಶಿಯಾಬೊಗೆ ಕೊಟ್ಟಿದ್ದಕ್ಕೆ ಚೀನಾ ಮುನಿಸ್ಕೊಂಡು ನಾರ್ವೆಯ ಸಾಲ್ಮನ್ ಮೀನಿಗೆ ಅಡ್ಡಗಾಲು ಹಾಕ್ತು, 2014ರಲ್ಲಿ ದಲೈ ಲಾಮಾ ಓಸ್ಲೋಗೆ ಹೋದ್ರೆ ಮಂತ್ರಿಗಳು ಒಬ್ರೂ ಭೇಟಿ ಮಾಡ್ಲಿಲ್ಲ. ಸ್ಪೇನಲ್ಲಿ ಇನ್ನೂ ಚೆನ್ನಾಗಿದೆ, ಅಲ್ಲಿನ ಕೋರ್ಟು 2013ರಲ್ಲಿ ಟಿಬೆಟ್ ಕೇಸಲ್ಲಿ ಚೀನಾದ ಮಾಜಿ ಅಧ್ಯಕ್ಷ ಜಿಯಾಂಗ್ ಜೆಮಿನ್ ಮೇಲೇನೇ ವಾರಂಟ್ ಹೊರಡ್ಸಿಬಿಡ್ತು, ಭೇಷ್ ಅಂದ್ಕೊಳ್ಳೋಷ್ಟ್ರಲ್ಲಿ 2014ರಲ್ಲಿ ಸರ್ಕಾರ ಕಾನೂನನ್ನೇ ತಿದ್ದಿ ಕೇಸ್ ಮುಚ್ಚಿ ಹಾಕೋ ಹಂಗೆ ಮಾಡ್ತು. ಅಮೆರಿಕಾದವ್ರು 2024ರ ಜುಲೈಲಿ ಕೂಡ ಇನ್ನೊಂದು ಟಿಬೆಟ್ ಕಾಯಿದೆಗೆ ಸಹಿ ಹಾಕಿದ್ರು, ಅದು ಗೊತ್ತಾ ಅಂತ ಅಮಲಾನ ಕೇಳಿದ್ರೆ "ಹೂಂ, ಇನ್ನೊಂದು ತಿಂಗ್ಮೊ ಕೊಡ್ಲಾ" ಅಂದ್ರು.

ಇದನ್ನೆಲ್ಲ ನೋಡಿದ್ಮೇಲೆ ನಿಜಲಿಂಗಪ್ಪನೋರ ಫೋಟೋ ಯಾಕಿದೆ ಅಂತ ಅರ್ಥ ಆಗುತ್ತೆ. ನೆಹರೂ ಎಲ್ಲ ರಾಜ್ಯಗಳಿಗೂ ಜಾಗ ಕೊಡ್ತೀರಾ ಅಂತ ಕಾಗದ ಬರೆದಾಗ ನಮ್ಮ ಮೈಸೂರು ರಾಜ್ಯ ಬೈಲಕುಪ್ಪೇಲಿ ಸುಮಾರು 3000 ಎಕರೆ ಕೊಡ್ತು, ಆಮೇಲೆ ಮುಂಡಗೋಡು, ಹುಣಸೂರಿನ ಗುರುಪುರ, ಕೊಳ್ಳೇಗಾಲದ ಒಡೆಯರಪಾಳ್ಯ. 2018ರ ಆಗಸ್ಟಲ್ಲಿ ಟಿಬೆಟಿನೋರು ಬೆಂಗ್ಳೂರಿಗೆ ಬಂದು ಥ್ಯಾಂಕ್ ಯೂ ಕರ್ನಾಟಕ ಅಂತ ಕಾರ್ಯಕ್ರಮಾನೇ ಮಾಡಿದ್ರು. ಹಾಗಂತ ನಾವೂ ಜಾಸ್ತಿ ಬೀಗ್ಬೇಕಿಲ್ಲ. ಅಮಲಾ ಅವರ ತಮ್ಮನ ಮಗ ಹುಟ್ಟಿದ್ದು ಇಲ್ಲೇ, ಓದಿದ್ದು ಇಲ್ಲೇ, ಆದ್ರೂ ಕೈಲಿರೋದು ವಿದೇಶಿ ಅಂತ ಹೇಳೋ ನೋಂದಣಿ ಪುಸ್ತಕ, ಆರ್‌ಸಿ ಅಂತಾರೆ, ಆಗಾಗ ರಿನ್ಯೂ ಮಾಡಿಸ್ಬೇಕು. ಅಮಲಾ ಮಗಳು ಟೊರಾಂಟೊದಲ್ಲಿ ನರ್ಸು. ಕ್ಯಾಂಪಲ್ಲಿ ಅರ್ಧ ಮನೆಗಳಲ್ಲಿ ಈಗ ಬರೀ ಅಜ್ಜ ಅಜ್ಜಿ ಅಂತ ಅವರೇ ಹೇಳಿದ್ರು, ನಾವು ತಿಂತಿದ್ದಾಗ್ಲೇ ವಿಡಿಯೋ ಕಾಲ್ ಬಂತು, ಫೋನನ್ನ ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟು ಹಿಟ್ಟು ಚಿವುಟ್ತಾನೇ ಮಾತಾಡಿದ್ರು, ಅಲ್ಲಿ ಆಗ ಮಧ್ಯರಾತ್ರಿ ದಾಟಿರ್ಬೇಕು.

ಒಂದು ಸ್ಟಾರ್ ಯಾಕೆ ಕಟ್ ಅಂದ್ರೆ ಕಾಯಿಸ್ತಾರೆ, ನಲವತ್ತು ನಿಮಿಷ. ಒಬ್ರೇ ಅಡುಗೆ, ಒಬ್ರೇ ಬಡ್ಸೋದು. ಕೈ ತೊಳೆಯೋ ನಲ್ಲಿ ಹಿತ್ಲಲ್ಲಿದೆ, ನಾಯಿ ದಾಟ್ಕೊಂಡು ಹೋಗ್ಬೇಕು, ಕಚ್ಚಲ್ಲ, ಏಳೋದೂ ಇಲ್ಲ. ಫೋನ್‌ಪೇ ಇದೆ, ಸಿಗ್ನಲ್ ಇಲ್ಲ, ಚಿಲ್ಲರೆ ಇಟ್ಕೊಂಡಿರಿ. ಎರಡು ಗಂಟೆ ಮೇಲೆ ತಿಂಗ್ಮೊ ಖಾಲಿ. ಬಿಲ್ ಕೊಡ್ವಾಗ ಪೋಲಾ "ನೀವ್ ಯಾವ ಊರು" ಅಂತ ಕೇಳಿದ್ರು, ಮಂಡ್ಯ ಅಂದೆ, "ಓ, ಪಕ್ಕದೋರೇ" ಅಂದ್ರು.

ಬುಧವಾರ ಬಿಟ್ಟು ಹೋಗಿ ಅಂತ ದಪ್ಪ ಅಕ್ಷರದಲ್ಲಿ ಬರಿ ಅಂದಿದಾನೆ ಫ್ರೆಂಡು. ಬರ್ದಿದೀನಿ.